ಬೆಲ್ಟ್ ಹಿಡಿಯುವ ಕೈ

ಪರದೆಯ ಆಚೆ ಯಾರೋ ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತಿದ್ದಾರೆ, ಒಂದು ಊದು, ಒಂದು ಗುಟುಕು, ಮತ್ತೆ ಊದು — ದುರ್ಗವ್ವನೇ ಇರಬೇಕು, ಅವಳ ಮಗಳು ವಿಜಯಶ್ರೀ ಚಹಾ ಮುಟ್ಟಿರಲಿಕ್ಕಿಲ್ಲ, ಅವಳ ಬಳೆಗಳು ಒಂದೇ ಸಮ ಸಪ್ಪಳ ಮಾಡುತ್ತಿವೆ, ಹಸಿರು ಬಳೆಗಳಿರಬೇಕು, ಬರುವ ಸೋಮವಾರ ಮದುವೆ. ಕಾಣದ್ದನ್ನು ಸಪ್ಪಳದಿಂದ ಕಟ್ಟಿಕೊಳ್ಳುವುದು ಮುಬೀನಾಗೆ ಈಗ ರೂಢಿಯಾಗಿದೆ, ಇವತ್ತು ಇದ್ದತ್ತಿನ ಎಪ್ಪತ್ಮೂರನೆಯ ದಿನ, ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಸಿಂದಗಿಯ ಇಡೀ ಓಣಿ ಅವಳಿಗೆ ಬರೀ ಸಪ್ಪಳ. ಚೌಕಟ್ಟಿನ ಹೊರಗಿನ ಸದ್ದೂ ಸಿನಿಮಾದ ಭಾಗವೇ ಅನ್ನುತ್ತಿದ್ದರು ಕ್ಲಾಸಿನಲ್ಲಿ ಮೇಡಂ, ಬಾಗಿಲು ಕಾಣದಿದ್ದರೂ ಬಡಿದ ಸದ್ದು ಕೇಳಿದರೆ ಸಾಕು, ಅಲ್ಲೊಂದು ಮನೆ ಇರುತ್ತದೆ — ಅವಳು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಳು, ವಿಜಯಪುರದ ವಿಶ್ವವಿದ್ಯಾಲಯ, ಸಿನಿಮಾ ಸಿದ್ಧಾಂತ ಮತ್ತು ವಿಮರ್ಶೆ, ಎಂ.ಎ. ಎರಡನೆಯ ವರ್ಷ, ಕಿಟಕಿ ಪಕ್ಕದ ಬೆಂಚು, ಆ ಬೆಂಚಿನಲ್ಲಿ ಈಗ ಯಾರು ಕೂಡುತ್ತಾರೋ. ಯಕ್ಕಾ, ತಪ್ಪ ತಿಳಕೋಬ್ಯಾಡ್ರಿ, ದುರ್ಗವ್ವನ ದನಿ, ನಮ್ಮ ಹುಡುಗಿ ಮದುವಿ ಮುಂಚಿನ ಪಿಚ್ಚರ್ ತಗಿಯಾಕ ಬಂದ ನಿಮ್ಮ ಮಗ ಜೀವಾ ಕಳಕೊಂಡ, ನಾ ಯಾವ ಬಾಯಿಲೆ ಕೇಳ್ಲಿ, ಆದ್ರ ಬೀಗರು ಕೇಳವಲ್ಲರು, ಅದರಾಗ ಸಾವು ಐತಿ, ಮದುವಿಗಿ ಮೊದಲ ಅಳಿಸಿಸ್ರಿ, ಕಣ್ಣಾರೆ ನೋಡಿ ಬರ್ರಿ ಅಂದಾರ. ಅಳಸ್ತಾಳ ಬಿಡವಾ, ಇದು ಅತ್ತೆ ಬಿಬಿಜಾನ, ದನಿಯಲ್ಲಿ ಏರಿಳಿತವೇ ಇಲ್ಲ, ಇಟಗೊಂಡು ನಾವರೆ ಏನ್ ಮಾಡೋಣ, ನನ್ನ ಮಗ ಅದರಾಗ ಎಲ್ಲಿ ಕಾಣತಾನ, ಕಾಣಾಕಿ ನಿಮ್ಮ ಹುಡುಗಿ.

ಅದೂ ಖರೆ. ಪೊಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ ಕ್ಯಾಮರಾದ ಮೆಮೊರಿ ಕಾರ್ಡು, ಅದರಲ್ಲಿ ಒಂದೇ ಒಂದು ಫೈಲು, ಇಪ್ಪತ್ತೊಂದು ನಿಮಿಷ, ಗಂಡ ಜಾಹಿದನ ಕಣ್ಣು ಕಡೆಯದಾಗಿ ನೋಡಿದ ಇಪ್ಪತ್ತೊಂದು ನಿಮಿಷ — ಹಾಗನ್ನಬಾರದು, ಕ್ಯಾಮರಾದ ಕಣ್ಣು ಬೇರೆ ಮನುಷ್ಯನ ಕಣ್ಣು ಬೇರೆ, ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಟ್ಟಿದ್ದಾರೆ, ಪರೀಕ್ಷೆಯಲ್ಲಿ ಬರೆದು ಹದಿನಾರಕ್ಕೆ ಹದಿನಾಲ್ಕು ತಗೊಂಡಿದ್ದಾಳೆ. ಒಮ್ಮೆಯೂ ತೆರೆದು ನೋಡಿಲ್ಲ. ಅಳಿಸಿದರೆ ಮತ್ತೆಂದೂ ನೋಡುವುದಿಲ್ಲ. ಲ್ಯಾಪ್‌ಟಾಪಿನ ಮೇಲೆ ಬಾಣದ ಗುರುತು ಆ ಫೈಲಿನ ಮೇಲೇ ನಿಂತಿದೆ, ಒಳಗಿಂದಲೇ ಹೂಂ ಅಳಸ್ತೇನ್ರಿ ಅಂದುಬಿಟ್ಟಿದ್ದಾಳೆ, ಅಂದು ಎಷ್ಟು ಹೊತ್ತಾಯಿತೋ.

ಮದುವೆಯ ಕ್ಯಾಮರಾದವರು ಹಿಂದೆ ಹಿಂದೆ ನಡೆಯುವವರು. ಮದುಮಕ್ಕಳು ಮುಂದೆ ಬರುತ್ತಾರೆ, ಇವರು ಅವರ ಮುಖ ಬಿಡದೆ ಬೆನ್ನಿನ ದಿಕ್ಕಿಗೆ ಸರಿಯುತ್ತಾರೆ, ಬೆನ್ನಿಗೆ ಕಣ್ಣಿಲ್ಲ, ಅದಕ್ಕೆ ಹಿಂದೊಬ್ಬರು ಬೆಲ್ಟ್ ಹಿಡಿದಿರಬೇಕು, ಕಲ್ಲಿದ್ದರೆ ಎಡಕ್ಕೆ ಜಗ್ಗು, ಗಟಾರಿದ್ದರೆ ಬಲಕ್ಕೆ, ಮೆಟ್ಟಿಲಿದ್ದರೆ ಎರಡು ಸಲ, ನಿಲ್ಲಬೇಕಾದರೆ ಗಟ್ಟಿ ಹಿಡಿ. ಜಾಹಿದನ ಬೆಲ್ಟನ್ನು ಲೈಟಿನ ಕೆಲಸದ ಬಂದಗಿಸಾಬ ಮಾಮೂ ಹಿಡಿಯುತ್ತಿದ್ದರು, ಮದುವೆಯಾದ ಮೇಲೆ ರವಿವಾರ ರವಿವಾರ ಅವಳು. ನೋಡ್ ಮಾಮೂ, ಎಂ.ಎ. ಓದಾಕಿ ನನ್ನ ಬೆಲ್ಟ್ ಹಿಡದಾಳ. ಹಿಡೀಲಿ ಬಿಡಪಾ, ಬಿಟ್ರ ನೀ ರಿವರ್ಸ್ ಗೇರಿನ್ಯಾಗ ಇಂಡಿ ಮುಟ್ಟತಿ. ಅವಳ ಹಿಡಿತ ಸಡಿಲಾದರೆ ಅವನ ಎಡಗೈ ಕ್ಯಾಮರಾ ಬಿಟ್ಟು ಹಿಂದಕ್ಕೆ ಬರುತ್ತಿತ್ತು, ಬೆರಳು ಬಿಚ್ಚುತ್ತಿದ್ದವು, ಮುಚ್ಚುತ್ತಿದ್ದವು, ಅದೀಯೇನು ಎಂದು ಕೇಳುವ ಹಾಗೆ, ಅವಳು ತನ್ನ ಎರಡು ಬೆರಳು ಅದರಲ್ಲಿಡುತ್ತಿದ್ದಳು, ಇಟ್ಟ ಕೂಡಲೇ ಕೈ ವಾಪಸು ಕ್ಯಾಮರಾಕ್ಕೆ, ಮಂದಿಯ ನಡುವೆ ಅವರಿಬ್ಬರೂ ಕೈ ಹಿಡಿದದ್ದು ಅಂದರೆ ಅಷ್ಟೇ. ನಿಮ್ಮ ಮೇಡಂ ನನ್ನ ಪಿಚ್ಚರಿಗೆ ಎಷ್ಟ್ ಮಾರ್ಕ್ಸ್ ಕೊಡ್ತಾರ ಕೇಳು. ಫೇಲ್ ಮಾಡ್ತಾರ್ರಿ, ಒಂದ ಮದುವ್ಯಾಗ ಹತ್ತ ಸಲ ಹೂವಿನ ಮಳಿ ಸುರಿಸೀರಿ. ಹುಡುಗಿ ಅವ್ವ ನೋಡಿ ಅತ್ತಾಳಿಲ್ಲೋ ಅದನ್ನ ಕೇಳು, ಅತ್ರ ಪಾಸ್! — ಅವನು ನಕ್ಕರೆ ಹೆಗಲೂ ನಗುತ್ತಿತ್ತು, ಈಗ ಹೆಗಲು ನೆನಪಾಗುತ್ತದೆ, ನಗು ನೆನಪಾಗುವುದಿಲ್ಲ, ಎಷ್ಟು ತಡಕಿದರೂ.

ಆ ಗುರುವಾರ ಬಂದಗಿ ಮಾಮೂ ಇಂಡಿಗೆ ಹೋಗಿದ್ದರು. ಜಾಹಿದ ಗಾಡಿಯ ಮೇಲೆ ಕೂತು ಚೀಲ ಬಿಗಿಯುತ್ತ, ಇವತ್ತೊಂದಿನ ಬಾ ಮುಬೀನಾ, ಶೂಟಿಂಗ್ ಆಲಮಟ್ಟಿ ಕಾಲುವಿ ದಂಡಿ ಮ್ಯಾಲೆ ಐತಿ, ಹಿಂದ ಯಾರೂ ಇಲ್ಲ. ಇವತ್ತ ನನ್ನ ಸೆಮಿನಾರ್ ಐತ್ರಿ, ತಿಂಗಳ ಮೊದಲ ಹೇಳೇನಿ. ಹೌದಲಾ, ಮರ್ತಿದ್ದೆ ನೋಡು, ಛಲೋ ಮಾಡು, ಹೆದರಬ್ಯಾಡ — ಸಿಟ್ಟಾದರೂ ಆಗಬಾರದಿತ್ತೇ, ಒಂದು ಮಾತು ಬೈದು ಹೋಗಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಅವಳು ಬೋರ್ಡಿನ ಮುಂದೆ ನಿಂತು ಹೇಳುತ್ತಿದ್ದಳು, ಎಡಕ್ಕೆ ಬಲಕ್ಕೆ ಮೇಲೆ ಕೆಳಗೆ ಕ್ಯಾಮರಾ ತಿರುಗಬಲ್ಲದು, ತನ್ನ ಹಿಂದನ್ನು ಮಾತ್ರ ಅದು ತೋರಿಸಲಾರದು, ತಿರುಗಿದರೆ ಹಿಂದೆಂಬುದು ಮತ್ತೊಂದು ಕಡೆ ಸರಿದಿರುತ್ತದೆ. ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವಾಗ ಅವನು ಹಿಂದೆ ಹಿಂದೆ ಸರಿದು ನೀರಿಗೆ ಬಿದ್ದಿದ್ದ, ಕಾಲುವೆಯ ಸಿಮೆಂಟಿನ ಮೇಲೆ ಪಾಚಿ ಇತ್ತು, ಹತ್ತಲು ಹಿಡಿಕೆ ಇರಲಿಲ್ಲ, ಮದುಮಗ ಹೆಗಲ ಶಾಲು ಎಸೆದನಂತೆ, ಎರಡು ಸಲ ಎಸೆದನಂತೆ, ಎರಡು ಸಲವೂ ಗೇಣು ದೂರ.

ಪರದೆ ಸರಿಯಿತು, ಅಕ್ಕಾ ಒಳಗ ಬರ್ಲ್ಯಾ, ವಿಜಯಶ್ರೀ, ಹಸಿರು ಬಳೆಯೇ, ಬಂದು ನೆಲಕ್ಕೆ ಕೂತಳು, ಕಾಲ ಬೆರಳನ್ನೇ ನೋಡುತ್ತ, ನಾ ನೋಡಿಲ್ರಿ ಅಕ್ಕಾ ಅದನ್ನ, ನೀವೂ ನೋಡಿಲ್ಲ ಹೌದಿಲ್ರಿ. ಇಲ್ಲ. ನೋಡ್ರಿ ಮೊದಲ, ಆಮ್ಯಾಲೆ ಅಳಸ್ರಿ, ಕಂಪ್ಯೂಟರ್ ಭಾಳ ನಿಧಾನ ಐತಿ ಅಂತ ಅವ್ವಗ ನಾ ಹೇಳ್ತೇನಿ. ಅಷ್ಟು ಅಂದು ಎದ್ದಳು, ಹೋಗುವಾಗ ಪರದೆಯನ್ನು ಎರಡೂ ಕೈಯಿಂದ ಸರಿಯಾಗಿ ಎಳೆದಳು.

ಬಾಣದ ಗುರುತು ತಾನೇ ಹೋಗಿ ಒತ್ತಿದ ಹಾಗಾಯಿತು. ಬಿಸಿಲು, ನೀರು, ಗಾಳಿಯ ಬುಸುಬುಸು. ಅವಳು ನೋಟ್‌ಬುಕ್ಕು ತೆಗೆದಳು, ಯಾಕೆ ತೆಗೆದಳೋ, ಶಾಟು ಒಂದು, ಮಧ್ಯಮ ಅಳತೆ, ದಿಗಂತ ತುಸು ಎಡಕ್ಕೆ ವಾಲಿದೆ, ಶಾಟು ಎರಡು, ಮದುಮಗ ಕಾಲರ್ ಸರಿಮಾಡಿಕೊಳ್ಳುತ್ತಾನೆ, ಬರೆಯುತ್ತ ಹೋದರೆ ಎದೆಗೆ ತಾಕುವುದಿಲ್ಲ, ಓದಿದ್ದು ಇದಕ್ಕಾದರೂ ಬಂತು, ಶಾಟು ಮೂರು — ಇತ್ತಾಗ ನೋಡಬ್ಯಾಡವಾ ತಂಗಿ, ಅವನ್ನ ನೋಡು, ನಾ ಇಲ್ಲ ಅಂತ ತಿಳಕೋ — ಅವನ ದನಿ, ಮೈಕಿಗೆ ತೀರ ಹತ್ತಿರ, ಉಸಿರಿನ ಸಮೇತ, ಪರದೆಯ ಆಚೆ ಬಸಿಯ ಸಪ್ಪಳ ನಿಂತಿತು. ಪೆನ್ನು ಕೆಳಗಿಟ್ಟಳು. ಜೋಡಿ ನಡೆದು ಬರುತ್ತಿದೆ, ನೆಲ ಅಲುಗುತ್ತಿದೆ, ಅವನು ಹಿಂದೆ ಸರಿಯುತ್ತಿದ್ದಾನೆ, ಒಂದು ಹೆಜ್ಜೆ, ಇನ್ನೊಂದು, ದಂಡೆ ತಿರುಗುವಲ್ಲಿ ಬಿಸಿಲು ಅವನ ಬೆನ್ನಿಗೆ ಬಂತು, ಚೌಕಟ್ಟಿನ ಕೆಳಗಿಂದ ಒಂದು ನೆರಳು ಎದ್ದು ಮಣ್ಣಿನ ಮೇಲೆ ಉದ್ದಕ್ಕೆ ಚಾಚಿಕೊಂಡಿತು. ಕ್ಯಾಮರಾದವನ ನೆರಳು ಬಿದ್ದರೆ ಅದು ತಪ್ಪು, ಅವನೇ ಆಗಿದ್ದರೆ ಕತ್ತರಿಸಿ ಒಗೆಯುತ್ತಿದ್ದ, ತೆಳ್ಳಗಿನ ಕಾಲು, ಹೆಗಲು, ಮುಖದ ಎದುರು ಎತ್ತಿದ ಎರಡು ಕೈ, ಅತ್ತೆ ಕಾಣುವುದಿಲ್ಲ ಅಂದರಲ್ಲ, ಕಾಣುತ್ತಾನೆ ಅತ್ತೀ, ಇಲ್ಲೇ ಅದಾನ, ಮದುಮಗಳ ಸೀರೆಯ ಅಂಚಿಗೆ ಅವನ ತಲೆ ಮುಟ್ಟಿದೆ, ಅವರು ನಗುತ್ತಿದ್ದಾರೆ, ಅವನೂ ಏನೋ ಅಂದು ನಗಿಸುತ್ತಿದ್ದಾನೆ, ಎರಡು ಕೈಯಲ್ಲಿ ಒಂದು ಕೆಳಗಿಳಿಯಿತು, ಎಡಗೈ, ನಿಧಾನ ಹಿಂದಕ್ಕೆ ಹೋಯಿತು — ನಿಲ್ಲಿಸಿದಳು. ಆತೇನವಾ ತಂಗಿ, ದುರ್ಗವ್ವನ ದನಿ ಆಚೆಯಿಂದ, ಭಾಳ ನಿಧಾನ ಐತಂತವಾ ಕಂಪ್ಯೂಟರು, ಮಗಳ ದನಿ, ಐದು ಸೆಕೆಂಡು ಹಿಂದಕ್ಕೆ ಎಳೆದಳು, ಕೈ ಇಳಿಯಿತು, ಹಿಂದಕ್ಕೆ ಹೋಯಿತು, ಬೆರಳು ಬಿಚ್ಚಿದವು, ಮತ್ತೆ ಐದು ಸೆಕೆಂಡು, ಹಿಂದಕ್ಕೆ ಹೋಯಿತು, ಬಿಚ್ಚಿದವು, ಮುಚ್ಚಿದವು, ಆತೇನವಾ, ಮತ್ತೆ, ಬಿಚ್ಚಿದವು, ಖಾಲಿ ಮಣ್ಣಿನ ಮೇಲೆ ಐದೂ ಬೆರಳು ಬೇರೆ ಬೇರೆ, ಮುಚ್ಚಿದವು, ಬಿಚ್ಚಿದವು —