ಒಂದೂವರೆ ಹೆಜ್ಜೆ ಹಿಂದೆ

ತೂಕದ ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅದರ ಮೇಲೆ ಹತ್ತಿ ನಿಲ್ಲುವವರಿಗೆ ಚೆನ್ನಾಗಿ ಬರುತ್ತದೆ. ಕಾಲೇಜಿನ ತೂಕದ ಕೋಣೆಯಲ್ಲಿ ಹದಿನಾಲ್ಕು ವರ್ಷ ಕಳೆದಿದ್ದ ಕಬ್ಬಿಣದಕ್ಕನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ರಜೆಯ ಮೂರನೆಯ ಸೋಮವಾರ ಬೆಳಿಗ್ಗೆ, ಬಾಸ್ಕೆಟ್‌ಬಾಲ್ ತಂಡದವರೆಲ್ಲ ಕೊಕ್ಕರೆ ಎಂದು ಕರೆಯುತ್ತಿದ್ದ ಹುಡುಗಿ ಯಂತ್ರದ ಮೇಲೆ ನಿಂತಾಗ ಮುಳ್ಳು ಐವತ್ತೆಂಟು ದಾಟಿ ನಿಂತಿತು. ಒಂದೇ ವಾರದಲ್ಲಿ ಎರಡೂವರೆ ಕಿಲೋ ಏರಿಕೆ. ಅಕ್ಕ ಮುಳ್ಳಿನ ಕಡೆ ನೋಡಲೇ ಇಲ್ಲ. ಗೋಡೆಗೆ ಒರಗಿದ್ದ ಕಬ್ಬಿಣದ ಬಿಲ್ಲೆಗಳ ಸ್ಟ್ಯಾಂಡ್ ನೋಡಿದಳು. ಕೆಳಗಿನ ಸಾಲಿನಲ್ಲಿ ಒಂದೂಕಾಲು ಕಿಲೋದ ಎರಡು ಪುಟ್ಟ ಬಿಲ್ಲೆಗಳ ಜಾಗ ಬರಿದಾಗಿತ್ತು.

"ಜೇಬಲ್ಲಿರೋ ಎರಡನ್ನೂ ತೆಗೆದು ಅವುಗಳ ಜಾಗದಲ್ಲಿಡು," ಎಂದಳು. "ಕಬ್ಬಿಣ ಜೇಬಿಗೆ ಹಾಕಿಕೊಂಡ್ರೆ ಮೈಗೆ ಹತ್ತಲ್ಲ ಕಣೆ. ಎತ್ತಿದ್ರೆ ಹತ್ತುತ್ತೆ."

ಕೊಕ್ಕರೆ ತಲೆ ತಗ್ಗಿಸಿದಳು. ಆರಡಿ ಎತ್ತರದ ಹುಡುಗಿ ತಲೆ ತಗ್ಗಿಸಿದರೂ ಅಕ್ಕನಿಗಿಂತ ಒಂದು ಗೇಣು ಎತ್ತರವೇ. "ಹೇಗೆ ಗೊತ್ತಾಯ್ತು ಅಕ್ಕ?"

"ಪ್ಯಾಂಟು ಜಾರ್ತಾ ಇದೆ. ದಪ್ಪ ಆದವರ ಪ್ಯಾಂಟು ಬಿಗಿಯಾಗುತ್ತೆ."

ಹುಡುಗಿ ನಗಲಿಲ್ಲ. ಅವಳಿಗೆ ನಗು ಬರುವ ಕಾಲವಾಗಿರಲಿಲ್ಲ ಅದು. ಹೋದ ವರ್ಷದ ಪಂದ್ಯಗಳಲ್ಲಿ ಬುಟ್ಟಿಯ ಕೆಳಗೆ ನಿಂತಾಗಲೆಲ್ಲ ಎದುರಾಳಿಗಳು ಅವಳನ್ನು ಬಾಗಿಲ ಪರದೆಯ ಹಾಗೆ ಸರಿಸಿ ಒಳಗೆ ಹೋಗಿದ್ದರು. ರಜೆಗೆ ಮೊದಲು ಕೋಚ್ ಅವಳನ್ನು ಕರೆದು ಮೂರು ಮಾತು ಹೇಳಿದ್ದರು. ಹತ್ತು ವಾರದಲ್ಲಿ ಐದು ಕಿಲೋ ಮೈ ಬರಬೇಕು. ತಂಡದಲ್ಲಿ ಗೋಡೆ ಎಂದೇ ಹೆಸರಾದ ಗಟ್ಟಿ ಆಟಗಾರ್ತಿ ತಳ್ಳಿದರೆ ನಿಂತಲ್ಲೇ ನಿಲ್ಲಬೇಕು. ಫ್ರೀ ಥ್ರೋ ಗೆರೆಯ ಬಲತುದಿಯಲ್ಲಿ ನಿಂತು ಹತ್ತಕ್ಕೆ ಆರು ಚೆಂಡು ಹಾಕಬೇಕು. ಇಲ್ಲವಾದರೆ ಹನ್ನೆರಡು ಜನರ ಪಟ್ಟಿಯಿಂದ ಹೆಸರು ಹೋಗುತ್ತದೆ. ಹೆಸರು ಹೋದರೆ ಆಟಗಾರರ ಹಾಸ್ಟೆಲಿನ ಕೋಣೆ ಹೋಗುತ್ತದೆ. ಕೋಣೆ ಹೋದರೆ, ಮನೆಯಿಂದ ಒಂದು ಹಗಲಿಡೀ ಬಸ್ಸಿನಲ್ಲಿ ಬರಬೇಕಾದ ಹುಡುಗಿಗೆ ಕಾಲೇಜೂ ಹೋದ ಹಾಗೆಯೇ.

ಮೂರನೆಯ ಮಾತಿನ ಬಗ್ಗೆ ಇಬ್ಬರಿಗೂ ಚಿಂತೆ ಇರಲಿಲ್ಲ. ಆ ಜಾಗದಿಂದ ಚೆಂಡು ಹಾಕುವುದರಲ್ಲಿ ಕೊಕ್ಕರೆಯನ್ನು ಮೀರಿಸುವವರು ತಂಡದಲ್ಲಿ ಇರಲಿಲ್ಲ. ಕೈ ಚೆನ್ನಾಗಿತ್ತು, ಕೈಗೆ ತಕ್ಕ ಮೈ ಇರಲಿಲ್ಲ, ಅಷ್ಟೇ.

ಹಾಗಾಗಿ ಕೆಲಸವೆಲ್ಲ ತೂಕದ ಕೋಣೆಯಲ್ಲೇ ನಡೆಯಿತು. ಅದು ಅಂಗಣದ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗಿದ್ದ, ಇಳಿಜಾರು ಚಾವಣಿಯ ಕೋಣೆ. ಕೊಕ್ಕರೆ ಒಂದು ಕಡೆ ಮಾತ್ರ ನೆಟ್ಟಗೆ ನಿಲ್ಲಬಹುದಿತ್ತು. ಮೊದಲ ವಾರ ಬಿಲ್ಲೆ ಹಾಕದ ಬರೀ ಕಬ್ಬಿಣದ ಬಾರನ್ನು ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆದಾಗ ಅವಳ ಮೊಣಕಾಲುಗಳು ಒಂದಕ್ಕೊಂದು ಗುಟ್ಟು ಹೇಳುವ ಹಾಗೆ ಒಳಕ್ಕೆ ಬಾಗಿದವು. ಅಕ್ಕ ಭಾರ ಏರಿಸಲಿಲ್ಲ. ಮೊಣಕಾಲು ಹೊರಕ್ಕೆ, ಹಿಮ್ಮಡಿ ನೆಲಕ್ಕೆ, ಉಸಿರು ಹೊಟ್ಟೆಗೆ. ಇದನ್ನೇ ಹನ್ನೆರಡು ದಿನ ಹೇಳಿದಳು.

ಅಕ್ಕ ಇದನ್ನು ಯಾವ ಶಾಲೆಯಲ್ಲೂ ಕಲಿತವಳಲ್ಲ. ಇಲ್ಲಿಗೆ ಬರುವ ಮೊದಲು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಒದ್ದೆ ಹಾಸಿಗೆ ಬಟ್ಟೆಗಳ ಗಂಟು ಎತ್ತಿ ಎತ್ತಿ, ಸೊಂಟ ಹೇಗೆ ಉಳಿಯುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದಳು. ಈ ಕೋಣೆಗೆ ಕಸ ಗುಡಿಸಲು ಬಂದವಳು, ಹುಡುಗಿಯರು ಬಾರ್ ಎತ್ತುವ ರೀತಿ ನೋಡಲಾರದೆ ಒಂದು ದಿನ ಪೊರಕೆ ಪಕ್ಕಕ್ಕಿಟ್ಟು ತೋರಿಸಿದಳು. ಪೊರಕೆ ಮತ್ತೆ ಕೈಗೆ ಬರಲಿಲ್ಲ.

ಉಣಿಸುವ ಕೆಲಸ ಅಕ್ಕನ ಅತ್ತೆಯದಾಯಿತು. "ನಿಂತರೆ ನೆರಳೂ ಬೀಳದ ಹುಡುಗಿ ಅಂತೀಯಲ್ಲ, ಅದಕ್ಕೆ ಬಾರ್ ಯಾಕೆ ಹೊರಿಸ್ತೀಯೆ, ಮೊದಲು ಅನ್ನ ಹಾಕು," ಎಂದ ಮುದುಕಿ ದಿನವೂ ಆರು ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಕಡಲೆಕಾಯಿ ಕಟ್ಟಿ ಕಳಿಸಿದಳು. ಮೊಟ್ಟೆ ಉಳಿದು ಬಂದ ದಿನ ಸೊಸೆಗೆ ಬೈಗುಳ.

ಆರನೆಯ ವಾರಕ್ಕೆ ಬಾರಿನ ಎರಡೂ ಕಡೆ ಹತ್ತು ಹತ್ತು ಕಿಲೋ ಏರಿತ್ತು. ಒಂಬತ್ತನೆಯ ವಾರಕ್ಕೆ ಇಪ್ಪತ್ತು ಇಪ್ಪತ್ತು. ಕೊಕ್ಕರೆಯ ತೊಡೆಗೆ ಒಂದು ಆಕಾರ ಬಂದಿತ್ತು, ಮೆಟ್ಟಿಲು ಹತ್ತುವಾಗ ಸದ್ದು ಬರುತ್ತಿತ್ತು. ಆದರೆ ಈ ಒಂಬತ್ತು ವಾರವೂ ಅವಳು ಬುಟ್ಟಿಗೆ ಒಂದು ಚೆಂಡೂ ಹಾಕಿರಲಿಲ್ಲ. ಅಂಗಣದ ಮರದ ನೆಲಕ್ಕೆ ಹೊಸ ಪಾಲಿಶ್ ನಡೆಯುತ್ತಿತ್ತು. ಹಳೆಯ ಬಣ್ಣ ಉಜ್ಜಿ, ಹೊಸದಾಗಿ ಗೆರೆ ಎಳೆದು, ಒಣಗಿಸಿ, ಮತ್ತೆ ಬಳಿದು, ಮತ್ತೆ ಒಣಗಿಸುತ್ತಿದ್ದ ಪಾಲಿಶ್ ಮೇಸ್ತ್ರಿ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದ. ಇಣುಕಿದವರಿಗೂ "ಉಸಿರು ಬಿಡಬೇಡಿ, ತೇವ ಆಗುತ್ತೆ," ಎನ್ನುವ ಆಸಾಮಿ. ಇರಲಿ, ಕೈ ಎಲ್ಲಿ ಹೋಗುತ್ತದೆ ಎಂದು ಅಕ್ಕ ಸುಮ್ಮನಿದ್ದಳು. ಅವಳ ಲೆಕ್ಕ ತಪ್ಪಿದ್ದು ಅಲ್ಲಿಯೇ.

ಶುಕ್ರವಾರ ನೆಲ ಸಿದ್ಧವಾಯಿತು. ಸೋಮವಾರ ಕೋಚ್ ಬರುವವರಿದ್ದರು. ಒದ್ದೆ ಬಟ್ಟೆಯಲ್ಲಿ ಶೂ ಅಟ್ಟೆ ಎರಡು ಸಲ ಒರೆಸಿದ ಮೇಲೆಯೇ ಮೇಸ್ತ್ರಿ ಒಳಗೆ ಬಿಟ್ಟ. ಕೊಕ್ಕರೆ ಗೆರೆಯ ಬಲತುದಿಗೆ ಹೋಗಿ, ಮೊಣಕಾಲು ಮಡಿಸಿ, ಹಾರಿ, ಚೆಂಡು ಬಿಟ್ಟಳು. ಅದು ಬುಟ್ಟಿಯ ಕಬ್ಬಿಣದ ಬಳೆಯ ಹಿಂಬದಿಗೆ ಬಡಿದು ಪುಟಿದು ಅವಳ ತಲೆಯ ಮೇಲಿಂದಲೇ ವಾಪಸು ಬಂತು. ಎರಡನೆಯದು ಬಳೆ ಮುಟ್ಟದೆ ಹಿಂದಿನ ಹಲಗೆಗೆ ಬಡಿಯಿತು. ಹತ್ತರಲ್ಲಿ ಒಂದು ಒಳಗೆ ಬಿತ್ತು, ಅದೂ ದಾರಿ ತಪ್ಪಿ ಬಂದ ನೆಂಟನ ಹಾಗೆ.

ಕೊಕ್ಕರೆ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ನಿಂತಳು. "ಅಕ್ಕ, ಗೆರೆ ತಪ್ಪಾಗಿ ಎಳೆದಿದ್ದಾರೆ. ಬುಟ್ಟಿಗೆ ಹತ್ತಿರ ಆಗಿಬಿಟ್ಟಿದೆ."

ಬಾಗಿಲಲ್ಲಿದ್ದ ಮೇಸ್ತ್ರಿಯ ಕಿವಿ ನೆಟ್ಟಗಾಯಿತು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆನ ನಾನು ಮೂವತ್ತು ವರ್ಷದಿಂದ ಕೇಳ್ತಾ ಇದೀನಿ ತಾಯಿ, ನನ್ನ ನೆಲದ ಮೇಲೆ ನಿಂತೇ ಹೇಳಿದವಳು ನೀನೇ ಮೊದಲು." ಸೊಂಟದಿಂದ ಟೇಪು ಬಿಚ್ಚಿ ಎಸೆದ. "ಅಳೀರಿ. ಕೂದಲೆಳೆ ತಪ್ಪಿದ್ರೂ ಈ ನೆಲನೆಲ್ಲ ಮತ್ತೆ ಉಜ್ಜಿಕೊಡ್ತೀನಿ."

ಅಳೆದರು. ಗೆರೆ ಸರಿಯಾಗಿತ್ತು. ಏಣಿ ತರಿಸಿ ಬಳೆಯ ಎತ್ತರವನ್ನೂ ಅಳೆದರು. ಅದೂ ಸರಿ. ಮೇಸ್ತ್ರಿ ಟೇಪು ಸುತ್ತಿಕೊಂಡು, ಗೆದ್ದವನ ಹಾಗೆ ನಗದೆ ಸುಮ್ಮನೆ ಹೊರಗೆ ಹೋದ. ಹುಡುಗಿಯ ಮುಖ ಹಾಗಿತ್ತು.

"ಕಬ್ಬಿಣ ಎತ್ತಿದ್ರೆ ಕೈ ಕೆಡುತ್ತೆ ಅಂತ ತಂಡದಲ್ಲಿ ಯಾವಾಗಲೂ ಹೇಳ್ತಿದ್ರು," ಎಂದಳು ಕೊಕ್ಕರೆ. "ನನಗಿದ್ದಿದ್ದು ಅದೊಂದೇ ಅಕ್ಕ. ಅದೂ ಹೋಯ್ತು."

ಅಕ್ಕ ಅವಳನ್ನು ಮತ್ತೆ ಗೆರೆಯ ತುದಿಯಲ್ಲಿ ನಿಲ್ಲಿಸಿದಳು. "ಜೋರಾಗಿ ಹೋಗ್ತಾ ಇದೆ ಅಷ್ಟೇ. ಸ್ವಲ್ಪ ಮೆತ್ತಗೆ ಹಾಕು."

ಮೆತ್ತಗೆ ಹಾಕಿದಳು. ಚೆಂಡು ಬಳೆಯ ಮುಂದೆಯೇ ಬಿತ್ತು. ಇನ್ನಷ್ಟು ಅಳೆದು ತೂಗಿ ಹಾಕಿದಳು, ಎಡಕ್ಕೆ ಹೋಯಿತು. ಕಾಲಿಗೊಂದು ಕೈಗೊಂದು ಲೆಕ್ಕವಾಗಿ, ಶನಿವಾರ ಮಧ್ಯಾಹ್ನದ ಹೊತ್ತಿಗೆ ನಡೆಯುವುದನ್ನೂ ಮರೆತವಳ ಹಾಗೆ ಕಾಣುತ್ತಿದ್ದಳು. ಆ ದಿನದ ಮೊಟ್ಟೆ ಆರಕ್ಕೆ ಆರೂ ಉಳಿದವು.

ಸಂಜೆ ಮನೆಯ ತಾರಸಿಯ ಮೇಲೆ ಅಕ್ಕ ಅತ್ತೆಯ ಜೊತೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಹೊದಿಕೆಯ ಎರಡು ತುದಿ ಇವಳ ಕೈಯಲ್ಲಿ, ಎರಡು ತುದಿ ಅತ್ತೆಯ ಕೈಯಲ್ಲಿ.

"ಮೊಟ್ಟೆ ಯಾಕೆ ತಿನ್ನಲಿಲ್ಲ ನಿನ್ನ ಹುಡುಗಿ?"

ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. "ಚೆಂಡು ಬುಟ್ಟಿ ದಾಟಿ ಹೋಗ್ತಾ ಇದೆ ಅತ್ತೆ. ಮೆತ್ತಗೆ ಎಸಿ ಅಂದೆ, ಇನ್ನೂ ಕೆಟ್ಟಿತು."

ಮುದುಕಿ ಹೊದಿಕೆ ಎಳೆಯುವುದನ್ನು ನಿಲ್ಲಿಸಿದಳು. "ಒಂಬತ್ತು ವಾರ ನಾನು ಒಲೆ ಮುಂದೆ ನಿಂತು ಬೇಯಿಸಿದ್ದು ಅವಳು ಮೆತ್ತಗೆ ಎಸೀಲಿ ಅಂತಾನಾ? ಬಂದ ಬಲನ ಬಚ್ಚಿಡು ಅಂತ ಹೇಳಿಕೊಡ್ತೀಯಲ್ಲ, ನಿನಗೆ ಬುದ್ಧಿ ಇದೆಯಾ?"

ಅಕ್ಕ ಹೊದಿಕೆಯ ತುದಿ ಹಿಡಿದು ಹಾಗೇ ನಿಂತುಬಿಟ್ಟಳು. ಆಸ್ಪತ್ರೆಯ ಒಗೆಯುವ ಕೋಣೆ ಕಣ್ಣ ಮುಂದೆ ಬಂತು. ಅಲ್ಲಿಗೆ ಸೇರಿದ ಹೊಸತರಲ್ಲಿ ಒದ್ದೆ ಗಂಟನ್ನು ತಳ್ಳುಗಾಡಿಗೆ ಎಸೆಯಲು ಅವಳಿಗೆ ಆಗುತ್ತಲೇ ಇರಲಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಎಸೆದ ಗಂಟುಗಳೆಲ್ಲ ಗಾಡಿ ದಾಟಿ ಆಚೆ ಗೋಡೆಗೆ ಪಟಪಟ ಬಡಿದಿದ್ದವು. ಬೈಗುಳ ತಿಂದು ಮೆಲ್ಲಗೆ ಎಸೆಯಲು ಹೋದಾಗ, ತಲೆ ನರೆತ ಹಿರಿಯಾಕೆ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಿದ್ದಳು. ಕೈಯನ್ನು ಯಾಕೆ ಬೈತೀಯ, ಕಾಲು ಸರಿಸು ಎಂದಿದ್ದಳು.

"ಅತ್ತೆ," ಎಂದಳು ಅಕ್ಕ, "ನಾಳೆ ಎಂಟು ಮೊಟ್ಟೆ ಹಾಕಿ."

ಭಾನುವಾರ ಬೆಳಿಗ್ಗೆ ಕೊಕ್ಕರೆ ಮನಸ್ಸಿಲ್ಲದೆ ಬಂದಳು. ಅಕ್ಕ ಅವಳನ್ನು ಗೆರೆಯ ತುದಿಯಲ್ಲಿ ನಿಲ್ಲಿಸಿ, ಎರಡೂ ಭುಜ ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಎಳೆದಳು.

"ಈಗ ಹೋದ ವರ್ಷ ಹಾಕ್ತಿದ್ದ ಹಾಗೆ ಹಾಕು. ಮೆತ್ತಗಲ್ಲ. ನಿನ್ನ ಕೈ ಕೆಟ್ಟಿಲ್ಲ ಕಣೆ, ನಿನ್ನ ಕಾಲು ಬೇರೆ ಆಗಿದೆ. ಹಳೇ ಜಾಗದಲ್ಲಿ ನಿಂತ್ಕೊಂಡು ಹೊಸ ಕಾಲಲ್ಲಿ ಹಾರಿದ್ರೆ ಚೆಂಡು ದಾಟದೆ ಇನ್ನೇನು ಮಾಡುತ್ತೆ?"

ಮೊದಲ ಚೆಂಡು ಆಗಲೂ ಬಳೆಯ ಹಿಂಬದಿಗೇ ಬಡಿಯಿತು. ಅಕ್ಕ ಅವಳನ್ನು ಇನ್ನರ್ಧ ಹೆಜ್ಜೆ ಎಳೆದಳು. ಮುಂದಿನದು ಬಳೆಯನ್ನು ಮುಟ್ಟಲೂ ಇಲ್ಲ. ಬಲೆ ಮಾತ್ರ ಒಮ್ಮೆ ಸುಯ್ ಎಂದು ಅಲುಗಿತು. ಕೊಕ್ಕರೆ ತಿರುಗಿ ಅಕ್ಕನನ್ನು ನೋಡಿದಳು. ಅಕ್ಕ ಬೇರೆ ಕಡೆ ನೋಡುತ್ತ, "ಒಂದಾಯ್ತು, ಇನ್ನೂರು ಹಾಕು," ಎಂದಳು.

ನಿಲ್ಲುವ ಜಾಗ ತಿಳಿಯಲೆಂದು ಅಕ್ಕ ನೆಲಕ್ಕೆ ಉಗುರಿನಷ್ಟು ಬಿಳಿ ಟೇಪು ಅಂಟಿಸಿದಳು. ಮೇಸ್ತ್ರಿ ಓಡಿ ಬಂದ. "ನನ್ನ ನೆಲಕ್ಕೆ ಅಂಟು ಹಾಕ್ತೀರಾ?"

"ಒಂದು ದಿನದ ಮಟ್ಟಿಗೆ, ಮೇಸ್ತ್ರಿಗಳೇ."

ಮೇಸ್ತ್ರಿ ಹುಡುಗಿಯನ್ನು ನೋಡಿದ, ಬಲೆ ಅಲುಗುವುದನ್ನು ನೋಡಿದ. "ನಾಳೆ ಸಂಜೆ ನಾನೇ ಕೀಳ್ತೀನಿ," ಎಂದು ಸ್ಟೂಲಿಗೆ ಹೋಗಿ ಕೂತ.

ಸೋಮವಾರ ಕೋಚ್ ಬಂದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಪಟ್ಟಿ. ಪಟ್ಟಿಯಲ್ಲಿ ಹನ್ನೊಂದು ಹೆಸರು ಶಾಯಿಯಲ್ಲಿದ್ದವು, ಹನ್ನೆರಡನೆಯ ಸಾಲು ಖಾಲಿ. ತೂಕದ ಯಂತ್ರ ಹತ್ತುವ ಮೊದಲು ಕೊಕ್ಕರೆ ತಾನಾಗಿಯೇ ಎರಡೂ ಜೇಬು ಹೊರಕ್ಕೆ ಎಳೆದು ತೋರಿಸಿದಳು. ಅವು ಮೊಲದ ಕಿವಿಗಳ ಹಾಗೆ ಜೋತುಬಿದ್ದವು. ಕೋಚ್‌ಗೆ ಏನೂ ಅರ್ಥವಾಗಲಿಲ್ಲ. ಅಕ್ಕ ಕೆಮ್ಮಿ ನಗು ನುಂಗಿದಳು.

"ನಾಲ್ಕು ಕಿಲೋ," ಎಂದರು ಕೋಚ್. "ಐದು ಹೇಳಿದ್ದೆ."

"ನಾಲ್ಕೇ ಸರ್," ಎಂದಳು ಕೊಕ್ಕರೆ.

ಬುಟ್ಟಿಯ ಕೆಳಗೆ ಗೋಡೆ ಬೆನ್ನು ಕೊಟ್ಟು ತಳ್ಳಿದಳು. ಹೆಸರಿಗೆ ತಕ್ಕ ಹುಡುಗಿ ಅವಳು. ಕೊಕ್ಕರೆ ಸೊಂಟ ತಗ್ಗಿಸಿ, ಹಿಮ್ಮಡಿ ಊರಿ, ಉಸಿರು ಹೊಟ್ಟೆಗೆ ಎಳೆದು ನಿಂತಳು. ಎರಡನೆಯ ಸಲ ತಳ್ಳಿದಾಗ ಒಂದು ಗೇಣು ಜಾರಿದಳು. ಮೂರನೆಯ ಸಲ ಜಾರಲಿಲ್ಲ. ಗೋಡೆ ತಿರುಗಿ ನೋಡಿ, "ಏನೇ ತಿಂದೆ ರಜೇಲಿ?" ಎಂದಳು.

"ಮೊಟ್ಟೆ. ಬೈಗುಳ."

ಕೋಚ್ ಚೆಂಡು ಎಸೆದರು. ಕೊಕ್ಕರೆ ಬಿಳಿ ಚುಕ್ಕೆಯ ಮೇಲೆ ನಿಂತಳು.

"ಅಲ್ಲಲ್ಲ. ಗೆರೆಯ ತುದಿ. ನಿನ್ನ ಜಾಗ ಮರೆತುಬಿಟ್ಟೆಯಾ?"

"ಮರೆತಿಲ್ಲ ಸರ್. ನನ್ನ ಜಾಗ ಹಿಂದಕ್ಕೆ ಬಂದಿದೆ."

ಕೋಚ್ ಅಕ್ಕನ ಕಡೆ ನೋಡಿದರು. ಅಕ್ಕ ಟವೆಲ್ ಮಡಿಸುವುದರಲ್ಲಿ ಮುಳುಗಿದ್ದಳು. ಮೊದಲನೆಯದು ತಪ್ಪಿತು. ಎರಡು, ಮೂರು, ನಾಲ್ಕು ಒಳಗೆ. ಐದನೆಯದು ಬಳೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೊರಗೆ ಬಿತ್ತು. ಆರು, ಏಳು, ಎಂಟು ಒಳಗೆ. ಅಲ್ಲಿಗೆ ಆರಾಯಿತು. ಒಂಬತ್ತನೆಯದು ತಪ್ಪಿದ್ದನ್ನು ಕೋಚ್ ನೋಡಲಿಲ್ಲ. ಅವರು ಬಗ್ಗಿ ಬಿಳಿ ಚುಕ್ಕೆಯಿಂದ ಗೆರೆಗೆ ಎಷ್ಟು ದೂರ ಎಂದು ಗೇಣು ಹಾಕುತ್ತಿದ್ದರು.

"ಇಲ್ಲಿಂದ ಬೀಳುತ್ತೆ ಅಂದ್ರೆ ಇವಳನ್ನ ಕಾಯೋಕೆ ಎದುರಿನವಳು ಬುಟ್ಟಿ ಬಿಟ್ಟು ಇಲ್ಲೀತನಕ ಬರಬೇಕು," ಎಂದು ತಮಗೇ ಹೇಳಿಕೊಂಡರು. ಆಮೇಲೆ ಎದ್ದು ಅಕ್ಕನನ್ನು ಕೇಳಿದರು, "ಉಳಿದ ಒಂದು ಕಿಲೋ?"

"ಅದು ನಮ್ಮತ್ತೆ ಕೈಲಿದೆ ಸರ್. ಒಂದು ತಿಂಗಳು ಕೊಡಿ."

ಕೋಚ್ ಪಟ್ಟಿ ಮೊಣಕಾಲ ಮೇಲಿಟ್ಟು, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದು, ಹನ್ನೆರಡನೆಯ ಸಾಲು ತುಂಬಿಸಿದರು. ಕೊಕ್ಕರೆ ಸೀದಾ ಬಂದು ಅಕ್ಕನ ಚೀಲ ತೆರೆದು, ನಿಂತಲ್ಲೇ ಒಂದು ಮೊಟ್ಟೆ ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂದದ್ದು ಮೊಟ್ಟೆ ಗಂಟಲಿಗೆ ಸಿಕ್ಕಿದ್ದಕ್ಕೋ ಇನ್ನೇತಕ್ಕೋ, ಅಕ್ಕ ವಿಚಾರಿಸಲಿಲ್ಲ. ಬೆನ್ನಿಗೆ ಒಂದು ಗುದ್ದು ಕೊಟ್ಟು ನೀರಿನ ಬಾಟಲಿ ಮುಂದೆ ಹಿಡಿದಳು.

ಸಂಜೆ ಮೇಸ್ತ್ರಿ ಚಾಕು ಹಿಡಿದು ಟೇಪು ಕೀಳಲು ಬಂದವನು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತ. "ಅಮ್ಮಾ, ಬೇಕಿದ್ರೆ ಇಲ್ಲೊಂದು ಚುಕ್ಕೆ ಬಣ್ಣದಲ್ಲೇ ಇಟ್ಟುಬಿಡ್ತೀನಿ. ಅಳಿಸೋದಿಲ್ಲ. ಯಾರಿಗೂ ಹೇಳಬೇಡಿ."

"ಬೇಡ ಮೇಸ್ತ್ರಿಗಳೇ," ಎಂದಳು ಅಕ್ಕ, ಕೋಣೆಯ ಬೀಗದ ಕೈ ಹುಡುಕುತ್ತ. "ಮುಂದಿನ ವಾರ ಬಾರಿಗೆ ಐದು ಕಿಲೋ ಏರಿಸ್ತಾ ಇದೀನಿ. ಆ ಜಾಗ ಅವಳಿಗೆ ಬಹಳ ದಿನ ಸಾಲಲ್ಲ."