ಎದುರು ಮನೆಯ ಸಹಿ

ನಮ್ಮ ಊರು ನೋಡಲು ಬಾ ಎಂದು ಭಾವ ಮದುವೆಯಾದಾಗಿನಿಂದ ನನ್ನ ತಲೆ ತಿನ್ನುತ್ತಿದ್ದರು. ದೊಡ್ಡ ಬಸ್ಸುಗಳು ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲದ ಆ ಪುಟ್ಟ ನಗರದಲ್ಲಿ ನೋಡುವುದೇನಿದೆ ಎಂದು ನಾನೂ ಅಷ್ಟೇ ವರ್ಷ ನುಣುಚಿಕೊಂಡಿದ್ದೆ. ಈ ಶನಿವಾರ ಹೋಗಿದ್ದು ಊರು ನೋಡಲಿಕ್ಕಲ್ಲ. ಅಕ್ಕ ಭುಜದ ಮೂಳೆ ಮುರಿದುಕೊಂಡಿದ್ದಳು, ಅದೂ ಗಂಡನನ್ನು ಬೆನ್ನ ಮೇಲೆ ಹೊತ್ತು ಬಾಗಿಲ ಮುಂದಿನ ನಾಲ್ಕು ಮೆಟ್ಟಿಲು ಇಳಿಸುವಾಗ. ಬಿದ್ದು ಹನ್ನೆರಡು ದಿನವಾದರೂ ನನಗೆ ಹೇಳಿರಲಿಲ್ಲ. ಹೇಳಿದರೆ ನೀನು ಕೂಗಾಡ್ತೀಯ ಎಂದು ಸಮಜಾಯಿಷಿ ಬೇರೆ. ಬಾಗಿಲಲ್ಲೇ ಕೂಗಾಡಿದೆ.

ಭಾವನಿಗೆ ಬೆನ್ನುಮೂಳೆಯ ಆಪರೇಷನ್ ಆಗಿ ಹತ್ತು ತಿಂಗಳು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಆ ಊರಿನ ಕಲ್ಲು ಕಲ್ಲನ್ನೂ ಪರವೂರಿನವರಿಗೆ ತೋರಿಸಿ ಬದುಕಿದ ಗೈಡು ಅವರು. ತಮ್ಮ ಮನೆಯಿರುವ ಹಳೆಯ ಬೀದಿಯನ್ನು ಯಾರೂ ಮುಟ್ಟಬಾರದೆಂದು ಸರ್ಕಾರದ ಕಾಗದದಲ್ಲಿ ಬರೆಸಿದ್ದೇ ಅವರು. ಪರಂಪರೆ ಸಮಿತಿಯಲ್ಲಿ ಹದಿನೈದು ವರ್ಷ ಕೂತಿದ್ದರು. ಈಗ ಗಾಲಿಕುರ್ಚಿಯಲ್ಲಿ, ಕಿಟಕಿಯ ಪಕ್ಕ. ಆಸ್ಪತ್ರೆಗೆ ಹೋಗುವ ದಿನ ಬಿಟ್ಟರೆ ಹೊಸಿಲು ದಾಟಿಲ್ಲ.

ನಾನು ಲಿಫ್ಟ್ ರಿಪೇರಿ ಮಾಡುವವಳು. ಜನರನ್ನು ಮೇಲೆ ಕೆಳಗೆ ಮಾಡಿಸುವುದೇ ನನ್ನ ಹೊಟ್ಟೆಪಾಡು. ಚಹಾ ಆರುವುದರೊಳಗೆ ಟೇಪು ಹಿಡಿದು ಅಳೆದೆ. ನಾಲ್ಕು ಮೆಟ್ಟಿಲು, ಒಟ್ಟು ಅರವತ್ತೆಂಟು ಸೆಂಟಿಮೀಟರ್. ಇಷ್ಟಕ್ಕೆ ಅಕ್ಕನ ಭುಜ ಹೋಗಿದೆ. ನಮ್ಮ ಗೋದಾಮಿನಲ್ಲಿ ಸಾಮಾನು ಎತ್ತುವ ಹಲಗೆಯೊಂದು ಧೂಳು ತಿನ್ನುತ್ತ ಬಿದ್ದಿದೆ, ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯದೆ ತಂದು ನಿಲ್ಲಿಸುತ್ತೇನೆ ಎಂದೆ. ಅಕ್ಕ ನೆಲ ನೋಡಿದಳು. ಸಮಿತಿಯ ನಿಯಮ, ಆಗಲ್ಲ ಎಂದಳು. ಭಾವ ತಕ್ಷಣ ಮಾತು ತಿರುಗಿಸಿದರು. "ಬಿಡು ಗರಗಸ. ಬಂದಿದ್ದೀಯ, ಊರು ನೋಡ್ಕೊಂಡು ಬಾ. ಫೋನಲ್ಲಿ ನಾನೇ ಜೊತೆಗಿರ್ತೀನಿ."

ಗರಗಸ ಎಂದರೆ ನಾನು. ಅವರು ಮದುವೆಯ ವಾರದಲ್ಲೇ ಇಟ್ಟ ಹೆಸರು.

ಸರಿ, ಕಿವಿಗೆ ಭಾವನನ್ನು ಸಿಕ್ಕಿಸಿಕೊಂಡು ಹೊರಟೆ. ಸುಳ್ಳು ಹೇಳುವುದಿಲ್ಲ, ಆ ಮನುಷ್ಯ ಊರನ್ನು ಅರೆದು ಕುಡಿದಿದ್ದಾರೆ. ಕಿಟಕಿಯಲ್ಲಿ ಕೂತೇ ನನ್ನ ಹೆಜ್ಜೆ ಎಣಿಸುತ್ತಿದ್ದರು. ಈಗ ಎಡಕ್ಕೆ ನೋಡು, ಬಾವಿಕಟ್ಟೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಹನ್ನೊಂದು ಗೀರು. ಹತ್ತು ಆಳ, ಒಂದು ಮೇಲುಮೇಲೆ, ಅದು ಎಡಗೈಯವರದು. ಕೋಟೆಬಾಗಿಲಿನ ಕೆಳಗೆ ಗಾಡಿಚಕ್ರ ಸವೆಸಿದ ಎರಡು ಕಾಲುವೆ. ಉಪ್ಪಿನ ಉಗ್ರಾಣದ ಗೋಡೆಗೆ ಬೆರಳು ತಾಗಿಸಿ ನಾಲಿಗೆಗೆ ಇಟ್ಟುಕೋ ಎಂದರು. ಇಟ್ಟುಕೊಂಡೆ, ಈಗಲೂ ಉಪ್ಪು. ಆರುನೂರು ವರ್ಷದ ಆ ಬೀದಿಗಳಲ್ಲಿ ಶನಿವಾರವಾದರೂ ನಾಲ್ಕು ಜನರೂ ಇರಲಿಲ್ಲ. ಇಂಥ ಊರನ್ನು ಜನ ಹೇಗೆ ಬಿಟ್ಟು ಹೋದರಪ್ಪಾ ಅನ್ನಿಸಿತು. ಮರುಕ್ಷಣವೇ, ಇದನ್ನೆಲ್ಲ ಬಲ್ಲವನೊಬ್ಬ ಅರವತ್ತೆಂಟು ಸೆಂಟಿಮೀಟರಿನ ಮೇಲೆ ಕೊಳೆಯುತ್ತಿದ್ದಾನಲ್ಲ ಎಂದು ಮೈ ಉರಿಯಿತು.

ಆಗಲೇ ಕಣ್ಣಿಗೆ ಬಿತ್ತು ಸಮಿತಿಯ ಕಚೇರಿ. ಅದರ ಹಳೆಯ ಮೆಟ್ಟಿಲುಗಳ ಮೇಲೆ ಅಚ್ಚುಕಟ್ಟಾದ ಮರದ ಇಳಿಜಾರು, ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರದ ಫಲಕ. ನನ್ನ ಪಿತ್ತ ನೆತ್ತಿಗೇರಿತು. ಮುಂದಿನ ಗಲ್ಲಿ ಬಲಕ್ಕೆ ಎಂದು ಭಾವ ಹೇಳುತ್ತಿದ್ದರು. ನಾನು ನೇರ ಒಳಗೆ ನುಗ್ಗಿದೆ.

ಮೇಜಿನ ಹಿಂದೆ ನೆಗಡಿಯಿಂದ ಮೂಗು ಕೆಂಪಾದ ಗುಮಾಸ್ತೆಯೊಬ್ಬಳು. ನಿಮಗಾದರೆ ಇಳಿಜಾರು, ನನ್ನ ಭಾವನಿಗಾದರೆ ನಿಯಮವೋ ಎಂದು ಬಾಯಿಗೆ ಬಂದಂತೆ ಜಾಡಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಮೂಗು ಒರೆಸಿಕೊಂಡು, ಒಂದು ಅರ್ಜಿ ನಮೂನೆ ಮುಂದಿಟ್ಟಳು. ನಿಯಮ ಬದಲಾಗಿ ಎರಡು ವರ್ಷವಾಗಿದೆ. ಕಲ್ಲಿಗೆ ಪೆಟ್ಟಾಗದ ಹಾಗೆ ಏನು ಬೇಕಾದರೂ ಇಡಬಹುದು. ಅರ್ಜಿದಾರರ ಸಹಿ, ಎದುರು ಮನೆಯವರ ಒಪ್ಪಿಗೆಯ ಸಹಿ, ಇಷ್ಟೇ. ಎಂಟು ಮನೆಗಳಿಗೆ ಕೊಟ್ಟಾಗಿದೆ. ನಿಮ್ಮ ಭಾವನಿಗೂ ಪತ್ರ ಕಳಿಸಿದ್ದೇವೆ, ಮೂರು ಸಲ.

"ಮತ್ತೆ ಯಾಕೆ ಕೇಳಿಲ್ಲ ಅವರು?"

ಗುಮಾಸ್ತೆ ನನ್ನ ಮುಖ ನೋಡಿದಳು. ಎದ್ದು ಹೋಗಿ ಹಳೆಯ ಕಡತವೊಂದನ್ನು ತಂದು ಬಿಚ್ಚಿಟ್ಟಳು. ಭಾವನ ಎದುರು ಮನೆಯಲ್ಲಿದ್ದ ಸೂಲಗಿತ್ತಿಯ ಅರ್ಜಿ. ಊರಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿದಾಕೆ; ಪಾರ್ಶ್ವವಾಯು ಹೊಡೆದ ಮೇಲೆ ಮೆಟ್ಟಿಲಿಗೆ ಎರಡು ಹಲಗೆ ಇಡಲು ಅನುಮತಿ ಕೇಳಿದ್ದಳು. ಒಂದಲ್ಲ, ಎರಡು ಸಲ. ಎರಡರ ಕೆಳಗೂ ಸಮಿತಿಯ ಅಭಿಪ್ರಾಯ ಭಾವನ ಮುತ್ತಿನಂಥ ಅಕ್ಷರದಲ್ಲಿತ್ತು. ನಾನು ಗಟ್ಟಿಯಾಗಿ ಓದಿದೆ: "ಈ ಮೆಟ್ಟಿಲುಗಳು ನಮಗಿಂತ ಹಳೆಯವು. ಮನುಷ್ಯರೇ ಹೊಂದಿಕೊಳ್ಳಬೇಕು. ತಿರಸ್ಕರಿಸಲಾಗಿದೆ."

ನಾಲ್ಕು ವರ್ಷ ಆಕೆ ಕಿಟಕಿಯಲ್ಲಿ ಕೂತೇ ಇದ್ದಳಂತೆ. ಹೊರಗೆ ಬಂದಿದ್ದು ಹೆಣವಾಗಿ.

ಕಿವಿಯಲ್ಲಿ ಭಾವ ಇನ್ನೂ ಇದ್ದರು. ಉಸಿರು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು, ಫೋನು ಇಟ್ಟಿದ್ದರು.

ನಮೂನೆ ಹಿಡಿದು ಮನೆಗೆ ಬಂದು ನಾನು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯಲಾರೆ. ಅಕ್ಕನಿಗೆ ಎಲ್ಲ ಗೊತ್ತಿತ್ತು, ಅದೇ ನನ್ನನ್ನು ಹೆಚ್ಚು ಉರಿಸಿದ್ದು. ಅತಿಥಿಗೃಹದಲ್ಲಿ ದಿನಕ್ಕೆ ನಲವತ್ತು ಹಾಸಿಗೆಯ ಬಟ್ಟೆ ಇಸ್ತ್ರಿ ಮಾಡಿ ಬಂದು, ಈ ದೊಡ್ಡ ಮನುಷ್ಯನನ್ನು ಹೊತ್ತು ಇಳಿಸಿದ್ದಾಳೆ, ಹೊತ್ತು ಹತ್ತಿಸಿದ್ದಾಳೆ, ಒಂದು ಸಹಿ ಹಾಕಿ ಎಂದು ಬಾಯಿಬಿಟ್ಟು ಕೇಳಿಲ್ಲ. ಅವರ ಮಾನ ಕಾಯಲು ನಿನ್ನ ಮೂಳೆಯೇ ಆಗಬೇಕಿತ್ತೇ ಎಂದು ಕೇಳಿದೆ. ಅಕ್ಕ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅತ್ತಳು.

ಭಾವ ಕಿಟಕಿಯ ಪರದೆ ಎಳೆದು ಕೂತಿದ್ದರು. ಅಲ್ಲಿಂದಲೇ ಹೇಳಿದರು. "ಎದುರು ಮನೇಲಿ ಅವರ ಮಗಳಿದ್ದಾಳೆ. ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಇರೋ ಮುಖಾನೇ ಇಟ್ಕೊಂಡು ಕೇಳಿ. ಅಕ್ಕನಿಗೆ ಇರೋದು ಇನ್ನೊಂದೇ ಭುಜ."

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅರ್ಜಿಯಲ್ಲಿ ಅವರ ಸಹಿ ಬಿದ್ದಿತ್ತು.

ಅದನ್ನು ಹಿಡಿದು ಬೀದಿ ದಾಟಿದೆ. ಸೂಲಗಿತ್ತಿಯ ಮಗಳು ಬಟ್ಟೆ ಹೊಲಿಯುವವಳು. ಭಾನುವಾರವೂ ಮೇಜಿನ ಮೇಲೆ ಬಟ್ಟೆ ಹರವಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು, ಬಾಯಲ್ಲಿ ಗುಂಡುಪಿನ್ನುಗಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ನಿಮ್ಮಕ್ಕ ಅವರನ್ನ ಹೊರೋದು ಹತ್ತು ತಿಂಗಳಿಂದ ನೋಡ್ತಿದ್ದೀನಿ. ಬಿದ್ದಾಗ ಎಬ್ಬಿಸಿದ್ದೂ ನಾನೇ. ಸಹಿ ಹಾಕ್ತೀನಿ. ಆದ್ರೆ ನಿಮಗಲ್ಲ, ಅವರೇ ಬಂದು ಕೇಳಲಿ."

ಇಳಿಯಲಾಗದವರು ಹೇಗೆ ಬರುತ್ತಾರೆ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಆ ಮನೆಯಲ್ಲಿ ನಿಂತು ಆಡುವ ಮಾತಲ್ಲ ಅದು.

ಬೀದಿಯಲ್ಲಿ ಇಬ್ಬರು ಪ್ರವಾಸಿಗಳು ನಮ್ಮ ಮೆಟ್ಟಿಲುಗಳ ಫೋಟೋ ಹೊಡೆಯುತ್ತಿದ್ದರು. ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೀರಿ ಎಂದು ನನ್ನನ್ನೇ ಹೊಗಳಿದರು. ಭಾವನ ಕುರ್ಚಿ ಇಳಿಸಬೇಕು, ಕ್ಯಾಮೆರಾ ಕೆಳಗಿಟ್ಟು ಕೈ ಹಾಕಿ ಎಂದೆ. ನನ್ನ ದನಿಗೆ ಹೆದರಿಯೇ ಇರಬೇಕು, ಮರುಮಾತಾಡದೆ ಬಂದರು. ಒಬ್ಬ ಮುಂದೆ, ಒಬ್ಬ ಪಕ್ಕಕ್ಕೆ, ಹಿಂದಿನ ಹಿಡಿ ನನ್ನದು. ಮೂರನೆಯ ಮೆಟ್ಟಿಲಲ್ಲಿ ಕುರ್ಚಿ ವಾಲಿ ಭಾವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪ್ರತಿ ಸಲವೂ ಹೀಗೇ ಅಕ್ಕನನ್ನು ಹಿಡಿಯುತ್ತಿದ್ದರೇನೋ. ಬಿಡಿಸಿಕೊಳ್ಳಬೇಕು ಅನ್ನಿಸಿತು. ಬಿಡಿಸಿಕೊಳ್ಳಲಿಲ್ಲ.

ಎದುರು ಮನೆಗೂ ಮೂರು ಮೆಟ್ಟಿಲು. ಮೇಲೆ ಹತ್ತಿಸಲೇ ಎಂದು ಪ್ರವಾಸಿ ಕೇಳಿದ. ಬೇಡ ಎಂದರು ಭಾವ. ಬೀದಿಯಲ್ಲೇ ಕೂತು, ತಲೆ ಎತ್ತಿ, ಬಾಗಿಲಲ್ಲಿ ನಿಂತ ಆಕೆಯನ್ನು ಕೇಳಿದರು. ಸುತ್ತಿಬಳಸಲಿಲ್ಲ. "ನಾನು ಮಾಡಿದ್ದು ತಪ್ಪು. ನನ್ನಾಕೆಗೋಸ್ಕರ ಸಹಿ ಹಾಕಿಕೊಡಿ."

ಆಕೆ ಇಳಿದು ಬಂದು, ಅವರ ತೊಡೆಯ ಮೇಲಿದ್ದ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದಳು. ಮುಗಿಯಿತು ಎಂದುಕೊಂಡೆ. ಆಕೆ ಒಳಗೆ ಹೋಗಿ ಇನ್ನೊಂದು ಕಾಗದ ತಂದಳು. ಮಡಿಕೆಯಲ್ಲಿ ಹಳದಿಯಾದ ಅದೇ ನಮೂನೆ, ಖಾಲಿ.

"ಮೂರನೇ ಸಲಕ್ಕೆ ಅಂತ ತಂದಿಟ್ಟಿದ್ದೆ. ಅಷ್ಟರಲ್ಲಿ ಅಮ್ಮ ಹೋದ್ರು. ಇದನ್ನ ನೀವು ತುಂಬಿ."

ಭಾವ ನನ್ನತ್ತ ನೋಡಿದರು. ನಾನು ಪೆನ್ನು ಕೊಟ್ಟೆ, ಅಷ್ಟೇ. ಅವರು ತೊಡೆಯ ಮೇಲಿಟ್ಟುಕೊಂಡು ಸೂಲಗಿತ್ತಿಯ ಹೆಸರು ಬರೆದರು. ವಯಸ್ಸು ಕೇಳಿದರು. ಎಪ್ಪತ್ತೊಂಬತ್ತು ಎಂದಳು ಮಗಳು. ಕಾರಣ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಪ್ರವಾಸಿಗಳು ಏನೂ ತಿಳಿಯದೆ ಪಕ್ಕಕ್ಕೆ ಸರಿದು ನಿಂತಿದ್ದರು. ಕಡೆಗೆ ಅವರು ಬರೆದರು: ಮನೆಯಿಂದ ಹೊರಗೆ ಬರಬೇಕಾಗಿದೆ.

ಆಕೆ ಬಗ್ಗಿ, ಕೊನೆಯ ಖಾನೆಯ ಮೇಲೆ ಬೆರಳಿಟ್ಟಳು. ಸಮಿತಿಯ ಅಭಿಪ್ರಾಯ. "ಇದನ್ನೂ ನೀವೇ ಬರೀತಿದ್ರಲ್ಲ."

ಭಾವನ ಮುತ್ತಿನಂಥ ಅಕ್ಷರ ಆ ದಿನ ಕಾಗೆಕಾಲು ಆಗಿತ್ತು. ಒಪ್ಪಿಗೆ ಇದೆ, ಎಂದು ಬರೆದು ಸಹಿ ಹಾಕಿದರು.

ಆಕೆ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದಳು. "ಎರಡು ಪದ. ಇಷ್ಟೇ ಬರೆಯೋದಿತ್ತು," ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಮಿಷನ್ನಿನ ಸದ್ದು ಶುರುವಾಯಿತು.

ಅಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಹತ್ತು ತಿಂಗಳಲ್ಲಿ ಮೊದಲ ಸಲ ಆಸ್ಪತ್ರೆಗಲ್ಲದೆ ಬೀದಿಗೆ ಬಂದಿದ್ದ ಆ ಮನುಷ್ಯ ಬೀದಿಯ ಕಡೆ ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ನೋಡಿ ಎಂದು ನಾನೂ ಹೇಳಲಿಲ್ಲ.