ಮೂರನೆಯ ಮಿಂಚು

ಜೇಬಿನಲ್ಲಿದ್ದ ಫೋನು ನಡುಗಿದಾಗ ಗುನ್ವೋರ್ ಯೋಚಿಸದೆ ಹೊರತೆಗೆದಳು. ಅದರ ಬಿಳಿ ಬೆಳಕು ಮೇಜಿನ ಮೇಲೆಲ್ಲ ಚೆಲ್ಲಿತು. ಮುಚ್ಚಳ ತೆಗೆದಿಟ್ಟಿದ್ದ ಗಾಜಿನ ನಳಿಗೆಯ ಮೇಲೂ. ತಟ್ಟನೆ ಅಂಗೈಯಿಂದ ಪರದೆ ಮುಚ್ಚಿದಳು.

ಉಮಿಯೋ ನಗರದ ಆ ಪ್ರಯೋಗಶಾಲೆಯ ಕತ್ತಲ ಕೋಣೆಗೆ ಯಾರೂ ಫೋನು ಒಯ್ಯುವಂತಿರಲಿಲ್ಲ. ಮಂಕು ಹಸಿರು ದೀಪವೊಂದರಲ್ಲೇ ಕೆಲಸ. ನಿಯಮ ಮಾಡಿದವನು ಈಗ ಆಸ್ಪತ್ರೆಯಲ್ಲಿ ಮಲಗಿರುವ ಹಿರಿಯ ವಿಜ್ಞಾನಿ ಸಿಗ್ವಾರ್ಡ್. ಇಪ್ಪತ್ತೆರಡು ವರ್ಷ ಅವನ ಜೊತೆ ದುಡಿದು, ಮರೆತು ಫೋನು ತಂದವರನ್ನೆಲ್ಲ ಬೈದು ಹೊರಗಟ್ಟಿದವಳು ಗುನ್ವೋರ್. ಇವತ್ತು ಆಸ್ಪತ್ರೆಯಿಂದ ಯಾವಾಗ ಕರೆ ಬಂದೀತೋ ಎಂಬ ಭಯಕ್ಕೆ ತಾನೇ ತಂದಿದ್ದಳು.

ಕತ್ತಲಲ್ಲಿ ಬಹಳ ಹೊತ್ತು ಇಟ್ಟ ಎಲೆಯ ಸಾರಕ್ಕೆ ಬೆಳಕಿನ ಮಿಂಚನ್ನು ಒಂದೊಂದಾಗಿ ಕೊಟ್ಟರೆ ಮೊದಲೆರಡಕ್ಕೆ ಏನೂ ಆಗದು. ಮೂರನೆಯದಕ್ಕೆ ನೀರು ಒಡೆದು ಆಮ್ಲಜನಕ ಹೊರಬರುತ್ತದೆ; ಅಳೆಯುವ ಯಂತ್ರದ ಕಾಗದದ ಮೇಲೆ ಗೆರೆ ಮೇಲೇರುತ್ತದೆ. ಹಿಮದಡಿಯ ಸರೋವರದಲ್ಲಿ ಚೂರೇ ಚೂರು ಬೆಳಕು ಕುಡಿದು ಬದುಕುವ ಪಾಚಿಯೂ ಹೀಗೇ ಮೂರು ಎಣಿಸುತ್ತದೆ ಎಂಬುದು ಸಿಗ್ವಾರ್ಡನ ಹಟ. ಮಂಜುಗಡ್ಡೆ ಕೊರೆದು ಅವನೇ ತಂದ ಪಾಚಿಯಲ್ಲಿ ಉಳಿದದ್ದು ಇದೊಂದೇ ನಳಿಗೆ. ಹೆಪ್ಪು ಕರಗಿದ ಮೇಲೆ ಅದರ ಆಯಸ್ಸು ಒಂದು ಗಂಟೆ; ಫೋನಿನ ಬೆಳಕು ಬಿದ್ದು ಎಣಿಕೆ ಕೆಟ್ಟಿತ್ತು, ಮತ್ತೆ ಕತ್ತಲಲ್ಲಿಡಲು ಹೊತ್ತಿರಲಿಲ್ಲ. ಹೊಸ ಪಾಚಿ ಸಿಗುವ ಮುಂದಿನ ಹಿಮದವರೆಗೆ ಸಿಗ್ವಾರ್ಡ್ ಇರುವುದಿಲ್ಲವೆಂದು ವೈದ್ಯರು ಹೇಳಿಯಾಗಿತ್ತು.

"ಗುನ್ವೋರ್, ಮೂರನೇದಕ್ಕೆ ಬಂತೇನೇ?" ಫೋನು ಕಿವಿಗಿಟ್ಟರೆ ಅವನದೇ ದನಿ. ನಡುನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಬಂತು ಮಾರಾಯ. ಮೂರನೇದಕ್ಕೇ ಬಂತು." ಸುಳ್ಳು ಹೇಗೆ ಬಾಯಿಂದ ಜಾರಿತೋ ಅವಳಿಗೇ ತಿಳಿಯಲಿಲ್ಲ.

"ಎಷ್ಟು ಎತ್ತರ?"

"ಗೆರೆ ಕಾಗದದ ಮೇಲ್ತುದೀಗೇ ಹೋಯ್ತು. ನಾಲ್ಕನೇದು ಅದರರ್ಧ."

"ಎಲ್ಲಿದೀಯ ಈಗ?"

"ಹೊರಗೆ. ಕಾಫಿ ಕುಡೀತಿದೀನಿ."

ಅವಳ ಬೆನ್ನ ಹಿಂದೆ ತಂಪಿನ ಯಂತ್ರ ಟಕಟಕ ಎನ್ನುತ್ತಿತ್ತು. ಸಿಗ್ವಾರ್ಡ್ ಹತ್ತಾರು ಸಲ ಬಿಚ್ಚಿ ಜೋಡಿಸಿದ ಯಂತ್ರ ಅದು; ಸದ್ದು ಫೋನಿನಲ್ಲೂ ಕೇಳುವಂತಿತ್ತು.

"ಯಾರಾದ್ರೂ ಒಳಗೆ ಫೋನ್ ತಂದ್ರೆ ಏನ್ ಮಾಡ್ತೀಯ ನೀನು?" ಎಂದು ಕೇಳಿದ.

ಅವನಿಗೆ ಗೊತ್ತಾಗಿಹೋಗಿತ್ತು. ಗುನ್ವೋರಳಿಗೆ ಅಳು ಒತ್ತರಿಸಿ ಬಂತು. "ಕಿವಿ ಹಿಂಡಿ ಹೊರಗೆ ಹಾಕ್ತೀನಿ."

ಸಿಗ್ವಾರ್ಡ್ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಇವತ್ತೊಂದಿನ ಬಿಟ್ಬಿಡು ಪಾಪ," ಎಂದ. "ಎಷ್ಟು ಎತ್ತರ ಅಂದೆ? ಮೊದಲಿಂದ ಹೇಳು. ನಿಧಾನಕ್ಕೆ ಹೇಳು."

ಗುನ್ವೋರ್ ಮೂಗೊರೆಸಿಕೊಂಡು ಮೊದಲ ಮಿಂಚಿನಿಂದ ಹೇಳತೊಡಗಿದಳು. ಅವಳೆದುರು ಯಂತ್ರದ ಕಾಗದ ಒಂದು ಗೆರೆಯೂ ಬೀಳದೆ ಹಾಗೇ ಇತ್ತು.